ಕಿಟಕಿ ಸರಳು ಬಿಡದ ಅಪ್ಪ

ಮಿಲ್ಲಿನ ನೂಲಿನ ಖಾತೆಯಲ್ಲಿ ಮೂವತ್ತು ವರ್ಷ ದುಡಿದವನಿಗೆ ಪಿಸುಮಾತು ಬರುವುದಿಲ್ಲ. ಸಾವಿರಾರು ಕದಿರು ಒಮ್ಮೆಲೇ ಗಿರಗಿರ ತಿರುಗುವ ಶೆಡ್ಡಿನೊಳಗೆ ಪಕ್ಕದವನಿಗೆ ‘ಎಲಿ ಅಡಿಕಿ ಐತೇನೋ’ ಎಂದು ಕೇಳುವುದಕ್ಕೂ ಕೊರಳ ನರ ಉಬ್ಬಿಸಬೇಕು. ಪಾಳಿ ಮುಗಿಸಿ ಹೊರಗೆ ಬಂದರೆ ಮಳೆಗಾಲದ ಘಟಪ್ರಭೆ 171 ಅಡಿ ಮೇಲಿನಿಂದ ಧುಮುಕುತ್ತಿರುತ್ತದೆ. ಒಳಗೆ ಮಷಿನ್, ಹೊರಗೆ ಹೊಳೆ. ಇವೆರಡರ ನಡುವೆ ಸಂಸಾರ ಮಾಡಿದ ಗೋಕಾಕ ಫಾಲ್ಸಿನ ಅಪ್ಪ, ಕಾಲೇಜಿಗೆ ಹೊರಟ ಮಗನ ಕಿವಿಗೆ ಬಾಯಿ ಹಚ್ಚಿ ಗುಟ್ಟಾಗಿ ‘ರೊಕ್ಕ ಚಡ್ಡಿ ಒಳಕಿಸೆದಾಗ ಅದಾವ, ಯಾರ ಮುಂದೂ ಬಾಯಿ ಬಿಡಬ್ಯಾಡ’ ಎಂದದ್ದು ಬಸ್ಸಿನ ಕಡೇ ಸೀಟಿನವರಿಗೂ ಕೇಳಿಸುತ್ತದೆ. ಮುಂದೆ ಯರಗಟ್ಟಿಯವರೆಗೂ ಮಗ ಅಲುಗದೆ ಕೂಡಬೇಕಾಗುತ್ತದೆ.

ಈ ಅಪ್ಪನನ್ನು ನೋಡಬೇಕೆಂದರೆ ಜುಲೈ, ಆಗಸ್ಟಿನಲ್ಲಿ ಬರಬೇಕು. ಫಾಲ್ಸ್ ನೋಡುವುದಕ್ಕೂ ಅದೇ ಹಂಗಾಮು. ಬೆಳಗಾವಿ, ಕೊಲ್ಹಾಪುರ ಕಡೆಯ ಮಂದಿ ಕಾರು, ಬೈಕು ಹತ್ತಿ ಬಂದು, ಸುಟ್ಟ ಗೊಂಜಾಳ ತೆನಿ ಕಡಿಯುತ್ತ, ನೀರಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ. ಅತ್ತ ಬಸ್ ಸ್ಟಾಪಿನಲ್ಲಿ ಒಂದು ಟ್ರಂಕು, ಹಾಸಿಗೆಯ ಸುರುಳಿ, ಬಕೆಟ್ಟು, ಬಕೆಟ್ಟಿನೊಳಗೆ ಮಗ್ಗು, ಮಗ್ಗಿನೊಳಗೆ ಸಾಬೂನಿನ ಡಬ್ಬಿ ಇಟ್ಟುಕೊಂಡು ಒಂದು ಕುಟುಂಬ ನಿಂತಿರುತ್ತದೆ. ನಡುವೆ ಇಸ್ತ್ರಿ ಅಂಗಿ, ಅಂಗಿಯ ಕಿಸೆಯಲ್ಲಿ ಎರಡು ಪೆನ್ನು, ಕೈಯಲ್ಲಿ ಛತ್ರಿ: ಅದೇ ಅಪ್ಪ. ಅವನ ಬುದ್ಧಿಮಾತನ್ನು ಫಾಲ್ಸಿಗೆ ಹೋಲಿಸೋಣ ಎಂದರೆ ಮನಸ್ಸು ಒಪ್ಪುವುದಿಲ್ಲ. ಫಾಲ್ಸ್ ಬೇಸಿಗೆಯಲ್ಲಾದರೂ ನಿಲ್ಲುತ್ತದೆ.

ಮಕ್ಕಳನ್ನು ಕಳಿಸಲು ಬರುವ ಅಪ್ಪಂದಿರು ಈ ಭಾಗದಲ್ಲಿ ಬೇರೆ ತರಹದವರೂ ಇದ್ದಾರೆ. ಮೂಡಲಗಿ ಕಡೆಯ ಕಬ್ಬಿನ ಅಪ್ಪ ಹೆಚ್ಚು ಮಾತಾಡುವುದಿಲ್ಲ. ‘ಫ್ಯಾಕ್ಟರಿ ಬಿಲ್ಲು ಬಂದ ಮ್ಯಾಲ ಉಳಿದ ಫೀ ಕಳಸ್ತೇನಿ, ಅಲ್ಲೀತನಕ ಸರ್‌ಗೆ ಕೈ ಮುಗದು ಇರು’ ಎಂದು ಮೋಟರ್ ಸೈಕಲ್ ತಿರುಗಿಸುತ್ತಾನೆ. ಕಬ್ಬಿನ ಬಿಲ್ಲು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿಲ್ಲವಾದ್ದರಿಂದ, ಆ ಹುಡುಗ ನಾಲ್ಕೂ ವರ್ಷ ಕೈ ಮುಗಿದುಕೊಂಡೇ ಇರುತ್ತಾನೆ. ಹುಕ್ಕೇರಿ ಕಡೆಯ ಹಳ್ಳಿಯ ಅಪ್ಪ ಇನ್ನೂ ಮಿತಭಾಷಿ. ಬಿಳಿ ಟೊಪ್ಪಿಗೆ ಸರಿ ಮಾಡಿಕೊಂಡು, ಬಸ್ಸು ಹೊರಟ ಮೇಲೆ ‘ಹೂಂ, ಹೋಗಿ ಬಾ’ ಎನ್ನುತ್ತಾನೆ. ಅದನ್ನು ಕೇಳುವವರು ಪಕ್ಕದಲ್ಲಿ ನಿಂತ ಬಾಳೆಹಣ್ಣಿನವರು ಮಾತ್ರ. ಫಾಲ್ಸಿನ ಮಿಲ್ಲಿನ ಅಪ್ಪ ಇವರಿಬ್ಬರ ಸಾಲಿನವನಲ್ಲ. ಅವನದು ಮೂರು ಪಾಳಿಯ ಉಪದೇಶ. ಮನೆಯಲ್ಲಿ ಒಂದು ಪಾಳಿ, ಬಸ್ಸಿನ ಕಿಟಕಿಯಲ್ಲಿ ಎರಡನೆಯದು, ರಾತ್ರಿಪಾಳಿ ಫೋನಿನಲ್ಲಿ.

ಮನೆಯ ಪಾಳಿ ಸಿಇಟಿ ರ‍್ಯಾಂಕು ಬಂದ ದಿನವೇ ಶುರುವಾಗುತ್ತದೆ. ನೆಟ್ ಸೆಂಟರಿನ ಹುಡುಗನ ಹಿಂದೆ ನಿಂತು ಕಾಲೇಜುಗಳ ಕೋಡ್ ಒಂದೊಂದೇ ಓದಿಸಿ, ‘ಇದು ಊರಿಗೆ ಎಷ್ಟು ದೂರ ಐತಿ? ರೈಲು ಐತೇನು?’ ಎಂದು ಕೇಳುತ್ತ, ಕೊನೆಗೆ ಬಸ್ಸು ರೈಲುಗಳ ಅನುಕೂಲ ನೋಡಿ ಮಗನ ಭವಿಷ್ಯ ನಿರ್ಧರಿಸುವವನು ಇವನೇ. ಸೀಟು ಸಿಕ್ಕದ್ದು ‘ಎಐ ಎಂಎಲ್’ಗೆ. ಅದು ಏನೆಂದು ಚಾಳಿನವರು ಕೇಳಿದರೆ ಅಪ್ಪ ಒಂದು ಕ್ಷಣವೂ ತಡವರಿಸುವುದಿಲ್ಲ: ‘ಎಲ್ಐಸಿ ಇದ್ದಂಗ. ಆದರ ಕಂಪ್ಯೂಟರ್‌ದಾಗ ಇರತೈತಿ.’ ಕೇಳಿದವರಿಗೆ ಸಮಾಧಾನವಾಗುತ್ತದೆ. ಪಿಂಚಣಿ ಇರಬಹುದು ಎಂಬ ನಂಬಿಕೆಯೂ ಹುಟ್ಟುತ್ತದೆ.

ಈ ನಡುವೆ ಅಡುಗೆಮನೆಯಲ್ಲಿ ಅವ್ವ ಮಾತಿಲ್ಲದೆ ತನ್ನ ಬುದ್ಧಿವಾದ ಕಟ್ಟುತ್ತಿರುತ್ತಾಳೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳ ಚಟ್ನಿ, ಕೆಂಪು ಖಾರ, ಒಂದು ಡಬ್ಬಿ ತುಂಬ ಶೇಂಗಾ ಹೋಳಿಗೆ. ಆಕೆಯದು ಒಂದೇ ತಕರಾರು: ‘ಆಷಾಢದಾಗ ಹೊಂಡಬ್ಯಾಡ.’ ಕಾಲೇಜಿನವರು ಪಂಚಾಂಗ ನೋಡಿ ಕ್ಲಾಸು ಶುರು ಮಾಡುವುದಿಲ್ಲವಾದ್ದರಿಂದ, ಒಂದು ಜೊತೆ ಬಟ್ಟೆಯನ್ನು ಜ್ಯೇಷ್ಠದಲ್ಲೇ ಚೀಲಕ್ಕೆ ತುಂಬಿ ನೆರೆಮನೆಯಲ್ಲಿ ಇಟ್ಟು ‘ಹೊಂಟಾಂಗ ಆತು’ ಎಂದು ತೀರ್ಮಾನಿಸುತ್ತಾಳೆ. ಇಷ್ಟು ಚೆಂದದ ರಾಜಿ ಕೋರ್ಟುಗಳಲ್ಲಿ ಕೂಡ ಆಗುವುದಿಲ್ಲ.

ಅಪ್ಪನ ಕೆಲಸ ಕರದಂಟು. ಗೋಕಾಕಕ್ಕೆ ಹೋಗಿ ಎರಡು ಡಬ್ಬಿ ಕಟ್ಟಿಸುತ್ತಾನೆ. ಬೆಲ್ಲ, ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲ ಬಿಗಿಯಾಗಿ ಕೂಡಿದ ಒಳ್ಳೆಯ ಮಾಲು. ಒಂದು ಮಗನಿಗೆ. ಇನ್ನೊಂದು ವಾರ್ಡನ್‌ಗೆ. ‘ಲಂಚ ಅಲ್ಲ ಲೇ ಅದು. ನಮ್ಮೂರ ಗುರುತು’ ಎಂದು ಹೇಳುವಾಗ ಅವನ ಮುಖದಲ್ಲಿ ಕಪಟವಿರುವುದಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ವಾರ್ಡನ್ನಿನ ಮೇಜಿನ ಮೇಲೆ ಅದಾಗಲೇ ಬೆಳಗಾವಿಯ ಕುಂದಾ ಬಂದಿರುತ್ತದೆ. ಮೊದಲ ವಾರದ ಪ್ರವೇಶಾತಿ ನಡೆಯುವ ಕೋಣೆಗಳಲ್ಲಿ ಉತ್ತರ ಕರ್ನಾಟಕದ ಅಪ್ಪಂದಿರು ತಂತಮ್ಮ ಊರ ಮರ್ಯಾದೆಯನ್ನು ಅರ್ಧ ಕಿಲೋ, ಒಂದು ಕಿಲೋ ಲೆಕ್ಕದಲ್ಲಿ ಇಟ್ಟು ಹೋಗುತ್ತಾರೆ. ಆ ವಾರ್ಡನ್‌ಗೆ ಸಕ್ಕರೆ ಕಾಯಿಲೆ ಎಂಬುದು ತಿಳಿಯುವುದು ಎರಡನೇ ಸೆಮಿಸ್ಟರಿನಲ್ಲಿ.

ಇನ್ನು ಕಿಟಕಿಯ ಪಾಳಿ. ಇದೇ ಇವನ ಖಾಸಾ ಕ್ಷೇತ್ರ. ಮಗ ಒಳಗೆ ಕೂತ, ಅಪ್ಪ ಹೊರಗೆ ನಿಂತ, ಬಸ್ಸಿನ ಕಿಟಕಿಯ ಸರಳು ಎರಡೂ ಕೈಯಲ್ಲಿ ಸಿಕ್ಕಿತು ಎಂದರೆ ಮೂವತ್ತು ವರ್ಷದ ಮಿಲ್ಲು ಬಾಯಿಗೆ ಬರುತ್ತದೆ.

‘ಟೈಮಿಗೆ ಹೋಗು. ಭೋಂಗಾ ಆದ ಮ್ಯಾಲ ಗೇಟಿಗೆ ಹೋದರ ಏನು ಉಪಯೋಗ?’

‘ಕಾಲೇಜಿನ್ಯಾಗ ಭೋಂಗಾ ಇರೂದಿಲ್ಲ ಅಪ್ಪಾ.’

‘ಇಲ್ಲದಿದ್ದರ ನೀನs ಕೇಳಿಸ್ಕೋ.’

ಸುಮ್ಮನೆ ಹೇಳಿದ ಮಾತಲ್ಲ ಇದು. ಫಾಲ್ಸಿನಲ್ಲಿ ಹುಟ್ಟಿದ ಮಕ್ಕಳು ಗಡಿಯಾರಕ್ಕಿಂತ ಮೊದಲು ಮಿಲ್ಲಿನ ಭೋಂಗಾದ ಕೂಗು ಕಲಿತವರು. ಅವ್ವ ಅನ್ನಕ್ಕೆ ಇಡುವುದು, ಅಜ್ಜಿ ಗುಳಿಗೆ ನುಂಗುವುದು, ಸಾಲಿಯ ಮಾಸ್ತರು ಕೈಗಡಿಯಾರ ತಿರುವುವುದು ಎಲ್ಲಕ್ಕೂ ಅದೇ ಆಧಾರ. ರಜೆಯಲ್ಲಿ ಬೇರೆ ಊರಿಗೆ ಹೋದ ಫಾಲ್ಸಿನ ಹುಡುಗನಿಗೆ ಹಸಿವಾಗುವುದಿಲ್ಲ, ಯಾಕೆಂದರೆ ಹಸಿವೆಂದು ಯಾರೂ ಕೂಗಿ ಹೇಳಿರುವುದಿಲ್ಲ.

‘ಖಾಡಾ ಮಾಡಬ್ಯಾಡ. ನೀ ಒಂದು ದಿನ ತಪ್ಪಿಸಿದರ ನಿನ್ನ ಜಾಗಾಕ್ಕ ಬದಲಿ ಮನಷ್ಯಾ ಬರತಾನ.’

ಕಾಯಂ ಆಗದ ಕಾಮಗಾರರು ಗೇಟಿನ ಮುಂದೆ ಕಾಯುತ್ತ ನಿಂತು, ಯಾರೋ ಬಾರದ ದಿನ ಅವರ ಬದಲಿಗೆ ಒಳಗೆ ಹೋಗುವುದನ್ನು ಕಂಡವನಿಗೆ ಅದು ಲೋಕದ ದೊಡ್ಡ ಭಯ. ಹುಡುಗನಿಗೆ ಇದು ಬೇರೆಯೇ ಅರ್ಥದಲ್ಲಿ ಹಿಡಿಸುತ್ತದೆ. ತಾನು ಬಾರದ ದಿನ ತನ್ನ ಹೆಸರಿಗೆ ‘ಎಸ್ ಸರ್’ ಎನ್ನುವ ಒಬ್ಬ ಬದಲಿ ಮನುಷ್ಯನನ್ನು ಅವನು ಹದಿನೈದು ದಿನದೊಳಗೆ ಹುಡುಕಿಕೊಳ್ಳುತ್ತಾನೆ. ಅಪ್ಪನ ಮಾತಿನಲ್ಲಿ ಅಕ್ಷರಶಃ ಪಾಲನೆಯಾದದ್ದು ಇದೊಂದೇ.

‘ಎಳಿ ಹರೀತು ಅಂದರ ಆಗಿಂದಾಗ ಗಂಟು ಹಾಕು. ಆಮ್ಯಾಲ ಹಾಕಿದರಾತು ಅಂತ ಬಿಟ್ಟಿ ಅಂದ್ರ ಇಡೀ ಬಾಬಿನ್ ಹಾಳು.’ ಇದು ಗಣಿತದ ಬಗ್ಗೆ. ಎಳೆಯಿಂದ ಎಳೆಗೆ ಕಣ್ಣಾಡಿಸುತ್ತ, ತುಂಡಾದಲ್ಲಿ ಬೆರಳ ತುದಿಯಿಂದ ಕೂಡಿಸುತ್ತ ದಿನಕ್ಕೆ ಮೈಲಿಗಟ್ಟಲೆ ನಡೆದವನು ಹೇಳಿದ ಮಾತು. ನನಗೆ ತಿಳಿದಂತೆ ಬ್ಯಾಕ್‌ಲಾಗ್ ಕುರಿತು ಇದಕ್ಕಿಂತ ಸರಿಯಾದ ಮಾತನ್ನು ಯಾವ ಪ್ರಿನ್ಸಿಪಾಲರೂ ಹೇಳಿಲ್ಲ. ಆದರೆ ಹುಡುಗ ಆ ಹೊತ್ತಿಗೆ ಇಯರ್‌ಫೋನಿನ ಗಂಟು ಬಿಡಿಸುತ್ತಿರುತ್ತಾನೆ.

‘ನೀರಿನ ಹಂತ್ಯಾಕ ಹೋಗಬ್ಯಾಡ.’ ಇದನ್ನು ಫಾಲ್ಸಿನ ಪ್ರತಿ ಅಪ್ಪನೂ ಪ್ರತಿ ಮಗುವಿಗೂ ನಡೆಯಲು ಬಂದ ದಿನದಿಂದ ಹೇಳುತ್ತ ಬಂದಿದ್ದಾನೆ. ಬಂಡೆಯ ಅಂಚಿನಲ್ಲಿ ಕಾಲು ಜಾರಿದವರನ್ನು ಈ ಊರು ಕಂಡಿದೆ, ಆದ್ದರಿಂದ ಅದು ನಗುವ ಮಾತಲ್ಲ. ಆದರೆ ಬಾಯಿಗೆ ಬಿದ್ದ ರೂಢಿ ಊರು ಬದಲಾದರೂ ಬಿಡುವುದಿಲ್ಲ. ಧಾರವಾಡಕ್ಕೆ ಹೊರಟವನಿಗೂ ಅದನ್ನೇ ಹೇಳುತ್ತಾನೆ. ನಳಕ್ಕೆ ನೀರು ಯಾವಾಗ ಬಂದೀತೆಂದು ಕೊಡ ಸಾಲಾಗಿಟ್ಟು ದಿನಗಟ್ಟಲೆ ಕಾಯ್ದ ಊರದು. ಅಲ್ಲಿ ನೀರಿನ ಹತ್ತಿರ ಹೋಗುವುದು ಅಷ್ಟು ಸುಲಭವಲ್ಲ.

ಬೆಂಗಳೂರಿಗೆ ಹೊರಟವನಾದರೆ ಕಿಟಕಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನದು, ನಿಲ್ದಾಣ ಘಟಪ್ರಭಾ. ಬೆಂಗಳೂರೆಂದರೆ ಅಪ್ಪನಿಗೆ ಒಂದು ಹಳೆಯ ಲೆಕ್ಕ ಬಾಕಿ ಇದೆ. ‘ಅಲ್ಲಿ ಹುಡುಗರ ಮುಂದ ತಲಿ ತಗ್ಗಿಸಬ್ಯಾಡ. ನಮ್ಮ ಕಂಪನಿ 1885ರದು. 1887ರಾಗ ಹೊಳಿ ನೀರಿನಿಂದ ಇಲ್ಲಿ ಕರೆಂಟ್ ಹುಟ್ಟಿಸ್ಯಾರ. ಅವರ ಬೆಂಗಳೂರಾಗ ದೀಪ ಹತ್ತಿದ್ದು 1905ಕ್ಕ, ಅದೂ ಶಿವನಸಮುದ್ರದಿಂದ ತಂದು. ಹದಿನೆಂಟು ವರ್ಷ ಅವರು ಕತ್ತಲದಾಗ ಕುಂತಿದ್ದರು, ತಿಳೀತಾ?’ ಏಷ್ಯಾ ಖಂಡದಲ್ಲೇ ಮೊದಲು ಎಂದೂ ಸೇರಿಸುತ್ತಾನೆ. ಊರಿನಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ. ಏಷ್ಯಾ ಖಂಡದ ಉಳಿದವರನ್ನು ಯಾರೂ ವಿಚಾರಿಸಿಲ್ಲ. ಕಂದರದ ತಳದಲ್ಲಿರುವ ಪವರ್ ಹೌಸು, ಅಲ್ಲಿಗೆ ಇಳಿಯುವ ರೋಪ್‌ವೇ, 201 ಮೀಟರ್ ಉದ್ದದ ತೂಗುಸೇತುವೆ ಇವೆಲ್ಲ ತನ್ನ ಸ್ವಂತ ಆಸ್ತಿ ಎಂಬಂತೆ ಮಗನಿಗೆ ಮತ್ತೊಮ್ಮೆ ಒಪ್ಪಿಸುತ್ತಾನೆ. ‘ಜಾತ್ರಿಗೆ ಬಂದವರು ಕೇಳತಾರಲ್ಲ, ಹಂಗ ಕ್ಲಾಸಿನ್ಯಾಗ ಯಾರರ ಕೇಳಿದರ ಹೇಳು.’ ಎಐ ಎಂಎಲ್ ಕ್ಲಾಸಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಕೇಳುವುದು ‘ಗೋಕಾಕ ಅಂದ್ರೆ ಎಲ್ಲಿ ಬರುತ್ತೆ?’ ಎಂದು.

ಇವನ ಬಳಿ ಮಾದರಿ ಪುರುಷರ ಒಂದು ಸಣ್ಣ ಸಂಗ್ರಹವೂ ಇದೆ. ಮೊದಲ ಹೆಸರು ಚಂದ್ರಶೇಖರ ಕಂಬಾರ. ‘ಹುಕ್ಕೇರಿ ತಾಲೂಕಿನ ಘೋಡಗೇರಿಯವರು. ಗೋಕಾಕಕ್ಕ ಬಂದು ಸಾಲಿ ಕಲತರು. ಹಂಪಿ ಯೂನಿವರ್ಸಿಟಿಗೆ ಮೊದಲನೇ ಕುಲಪತಿ ಆದರು, ಜ್ಞಾನಪೀಠ ತಂದರು. ಎಐ ಎಂಎಲ್ ಇತ್ತೇನು ಆಗ?’ ಈ ಪ್ರಶ್ನೆ ಯಾರ ಕಡೆ ಎಸೆದದ್ದು, ಏನು ಸಾಧಿಸಲು ಎಸೆದದ್ದು ಎಂಬುದು ಮಗನಿಗೂ ತಿಳಿಯುವುದಿಲ್ಲ, ಅಪ್ಪನಿಗೂ ತಿಳಿಯುವುದಿಲ್ಲ. ಎರಡನೆಯವರು ಮಲಾಮರಡಿಯ ಬಸವರಾಜ ಕಟ್ಟೀಮನಿ. ಇಲ್ಲಿ ಅಪ್ಪ ಸ್ವಲ್ಪ ಸಿಕ್ಕಿಬೀಳುತ್ತಾನೆ. ಅವರ ಬಗ್ಗೆ ಹೆಮ್ಮೆ ಪಡಬೇಕು, ಆದರೆ ಅವರು 1942ರ ಚಳವಳಿಯಲ್ಲಿ ಜೈಲಿಗೆ ಹೋದದ್ದನ್ನು ಮಗ ಮನಸ್ಸಿಗೆ ಹಚ್ಚಿಕೊಳ್ಳಬಾರದು. ‘ಆಗ ಬ್ರಿಟಿಷರಿದ್ದರು. ಈಗ ಪ್ರಿನ್ಸಿಪಾಲ್ ಸಾಹೇಬರಿದ್ದಾರ. ಸ್ಟ್ರೈಕು ಪೈಕು ಅಂತ ಹೋಗಬ್ಯಾಡ.’

ಸ್ಟ್ರೈಕು ಬೇಡ ಎನ್ನುವ ಈ ಮನುಷ್ಯನ ಹಳೆಯ ಫೋಟೊ ಒಂದು ಮನೆಯ ಗೋಡೆಯ ಮೇಲಿದೆ. ಕೊರಳಲ್ಲಿ ಹೂವಿನ ಹಾರ, ಮೇಲೆತ್ತಿದ ಮುಷ್ಟಿ, ಹಿಂದೆ ಯೂನಿಯನ್ನಿನ ಬ್ಯಾನರು. ಕೇಳಿದರೆ, ‘ಅದು ಬ್ಯಾರೆ’ ಎನ್ನುತ್ತಾನೆ. ಗೋಕಾಕ ಚಳವಳಿಯಲ್ಲಿ ಮೀಸೆ ಮೂಡುವ ವಯಸ್ಸಿಗೆ ಘೋಷಣೆ ಕೂಗಿದ್ದನ್ನೂ ಅವನು ಬಿಟ್ಟುಕೊಡುವುದಿಲ್ಲ. ರಾಜಕುಮಾರ್ ಊರೂರು ತಿರುಗಿದ 1982ರ ಆ ದಿನಗಳು ತನ್ನ ಊರಿನದೇ ಖಾಸಗಿ ಹಬ್ಬ ಎಂದು ಅವನ ನಂಬಿಕೆ. ಆ ಚಳವಳಿಗೆ ಹೆಸರು ತಂದ ವರದಿ ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಊರಿನ ಹೆಸರು ಅವರಿಗೆ ಮನೆತನದಿಂದ ಬಂದದ್ದು ಎಂದು ಮಗ ಒಮ್ಮೆ ಗೂಗಲ್ ನೋಡಿ ಹೇಳಿದ್ದ. ‘ಹೆಸರು ಯಾವ ಊರಿಂದು? ನಮ್ಮ ಊರಿಂದು. ಮುಗೀತು’ ಎಂದು ಅಪ್ಪ ಆ ಸಂಶೋಧನೆಯನ್ನು ಅಲ್ಲಿಗೇ ನಿಲ್ಲಿಸಿದ.

ಇಷ್ಟೆಲ್ಲ ನಡೆಯುವಾಗ ಬಸ್ಸು ಯಾಕೆ ಹೊರಟಿಲ್ಲ? ಡ್ರೈವರು ಚಹಾ ಕುಡಿಯುತ್ತಿರುತ್ತಾನೆ ಎಂಬುದು ಒಂದು ಕಾರಣ. ಕಂಡಕ್ಟರನ ಮಗಳೂ ಇದೇ ವರ್ಷ ಕಾಲೇಜಿಗೆ ಹೋಗಿದ್ದಾಳೆ ಎಂಬುದು ಇನ್ನೊಂದು. ಅವನು ಸೀಟಿ ಬಾಯಲ್ಲಿಟ್ಟುಕೊಂಡೇ ಕೇಳುತ್ತಿರುತ್ತಾನೆ; ನಡುವೆ ಒಂದೆರಡು ಕಡೆ ತಲೆಯನ್ನೂ ಆಡಿಸುತ್ತಾನೆ. ರೈಲಿಗೆ ಈ ದಾಕ್ಷಿಣ್ಯವಿಲ್ಲ. ಘಟಪ್ರಭಾದಲ್ಲಿ ಅದು ನಿಂತಂತೆ ಮಾಡಿ ಹೊರಟುಬಿಡುತ್ತದೆ, ಹಾಗಾಗಿ ಬೆಂಗಳೂರಿನ ಹುಡುಗರಿಗೆ ಸಿಗುವುದು ಸಂಕ್ಷಿಪ್ತ ಆವೃತ್ತಿ: ಕರೆಂಟಿನ ಇತಿಹಾಸ, ಒಳಕಿಸೆ, ಮುಗಿಯಿತು. ಉಳಿದದ್ದನ್ನು ಅಪ್ಪ ಪ್ಲಾಟ್‌ಫಾರ್ಮಿನ ಮೇಲೆ ಓಡುತ್ತ ಹೇಳುತ್ತಾನೆ.

2019ರ ಆಗಸ್ಟಿನಲ್ಲಿ ಮಾತ್ರ ಅಪ್ಪನಿಗೆ ಬೇಕಾದಷ್ಟು ಸಮಯ ಸಿಕ್ಕಿತ್ತು. ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ನೀರಿನಡಿ ಹೋಯಿತು, ಗೋಕಾಕದ ಓಣಿಗಳಿಗೆ ಹೊಳೆ ನುಗ್ಗಿತು. ಮನೆ ಮಠ ಕಳೆದುಕೊಂಡವರ ಸಂಕಟದ ಮುಂದೆ ಹುಡುಗರ ಪಾಡು ಏನೂ ಅಲ್ಲ ನಿಜ. ಆದರೂ ಗಂಟುಮೂಟೆ ಕಟ್ಟಿ ಹೊರಟು ನಿಂತು, ದಾರಿ ಬಂದಾಗಿ ಮನೆಯಲ್ಲೇ ಉಳಿದು, ದಿನಕ್ಕೆ ಮೂರೂ ಪಾಳಿ ಎದುರಾಎದುರು ಕೂತು ಕೇಳಿಸಿಕೊಂಡ ಹುಡುಗರನ್ನು ಯಾವ ಸಂತ್ರಸ್ತರ ಪಟ್ಟಿಯಲ್ಲೂ ಸೇರಿಸಲಿಲ್ಲ.

ಮಗಳನ್ನು ಕಳಿಸುವಾಗ ಇದೇ ಅಪ್ಪ ಬೇರೆ ಆಗುತ್ತಾನೆ. ಸರಳು ಹಿಡಿಯುತ್ತಾನೆ, ಆದರೆ ಮಾತು ಅವಳಿಗೆ ಹೇಳುವುದಿಲ್ಲ, ಊರಿಗೆಲ್ಲ ಹೇಳುತ್ತಾನೆ. ಕಂಡಕ್ಟರನಿಗೆ: ‘ಸಾಹೇಬರ, ಲೇಡೀಸ್ ಸೀಟಿನ್ಯಾಗ ಯಾರೂ ಬಂದು ಕೂಡದಂಗ ನೋಡ್ಕೋರಿ.’ ಮುಂದಿನ ಸೀಟಿನ ಅಜ್ಜಿಗೆ: ‘ಆಯೀ, ಎಲ್ಲಿ ಇಳಿಯಾಕಿ ನೀ?’ ಅವಳಿಗೆ ಮಾತ್ರ, ಕೊನೆಗೆ, ‘ಅವ್ವಿ, ಟಿಕೆಟ್ ಜ್ವಾಕಿ.’ 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ರೊಕ್ಕವಿಲ್ಲ, ಕೊಡುವುದು ಶೂನ್ಯ ಟಿಕೆಟ್ಟು. ಆ ಶೂನ್ಯವನ್ನೂ ಜೋಪಾನವಾಗಿ ಪರ್ಸಿನ ಒಳಮನೆಗೆ ಇಡಿಸುತ್ತಾನೆ, ಗೇಟಿನಲ್ಲಿ ಪಾಸು ತೋರಿಸಿದ ರೂಢಿ.

ಆ ಶೂನ್ಯ ಟಿಕೆಟ್ಟೇ ಮುಂದೆ ಇವನ ಅಧಿಕಾರಕ್ಕೆ ಕೊಡಲಿಯಾಯಿತು. ಮೊದಲೆಲ್ಲ ಹಾಸ್ಟೆಲಿಗೆ ಹೋಗಿ ವಿಚಾರಿಸಿಕೊಂಡು ಬರುವ ಹಕ್ಕು ಅಪ್ಪನದು. ಅವ್ವ ರೊಟ್ಟಿ ಕಟ್ಟಿ ಕೊಡಬೇಕು, ಬಾಗಿಲಲ್ಲಿ ನಿಲ್ಲಬೇಕು. ಈಗ ಅವ್ವ ಲೆಕ್ಕ ಹಾಕಿದಳು: ‘ನೀವು ಹೋದರ ಹೋಗಿ ಬರಾಕ ರೊಕ್ಕ. ನಾ ಹೋದರ ಪುಕಟ.’ ಅದಕ್ಕೆ ಉತ್ತರವಿಲ್ಲ. ಈಗ ತಿಂಗಳಿಗೊಮ್ಮೆ ಅವ್ವ ಆಧಾರ್ ಕಾರ್ಡು ಹಿಡಿದುಕೊಂಡು ಧಾರವಾಡಕ್ಕೆ ಹೋಗುತ್ತಾಳೆ. ದಾರಿಯಲ್ಲಿ ಸವದತ್ತಿಯಲ್ಲಿ ಇಳಿದು ಯಲ್ಲಮ್ಮನಿಗೂ ಕೈ ಮುಗಿದು ಬರುತ್ತಾಳೆ. ಅಪ್ಪ ಫಾಲ್ಸಿನ ಸ್ಟಾಪಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತು, ಮಗಳಿಗೆ ಹೇಳಬೇಕಾದ್ದನ್ನೆಲ್ಲ ಹೆಂಡತಿಗೆ ಹೇಳಿ ಕಳಿಸುತ್ತಾನೆ. ಆಕೆ ಅದರಲ್ಲಿ ಎಷ್ಟನ್ನು ಮುಟ್ಟಿಸುತ್ತಾಳೆ ಎಂದು ಕೇಳುವ ಧೈರ್ಯ ಅವನಿಗೆ ಇಲ್ಲ.

ಆದರೂ ಅಪ್ಪನಿಗೆ ತನ್ನ ಜಾಲವಿದೆ. ಪ್ರವೇಶದ ದಿನ ಹಾಸ್ಟೆಲಿಗೆ ಬಂದವನು ಮೊದಲು ರೂಮು ನೋಡುವುದಿಲ್ಲ, ವಾಚ್‌ಮನ್‌ನನ್ನು ನೋಡುತ್ತಾನೆ. ‘ಯಾವ ಊರ?’ ಎಂದು ಶುರುವಾಗಿ, ಎರಡು ನಿಮಿಷದಲ್ಲಿ ಮೂಡಲಗಿ ಎಂದು ತಿಳಿದು, ಐದು ನಿಮಿಷದಲ್ಲಿ ವಾಚ್‌ಮನ್‌ನ ಸೋದರಮಾವ ಮಿಲ್ಲಿನಲ್ಲಿ ಕಾರ್ಡಿಂಗ್ ಖಾತೆಯಲ್ಲಿ ಇದ್ದವನೆಂದು ಪತ್ತೆಯಾಗಿ, ಇಬ್ಬರೂ ತಂಬಾಕು ಹಂಚಿಕೊಳ್ಳುತ್ತಾರೆ. ಕರ್ನಾಟಕದ ಯಾವ ಮೂಲೆಗೆ ಹೋದರೂ ಇವನಿಗೆ ‘ನಮ್ಮ ಕಡಿಯಾಂವ’ ಒಬ್ಬ ಸಿಕ್ಕೇ ಸಿಗುತ್ತಾನೆ. ಮೆಸ್ಸಿನ ಅಡುಗೆಯವ ಸಂಕೇಶ್ವರದವ, ಜೆರಾಕ್ಸ್ ಅಂಗಡಿಯವ ಕೊಣ್ಣೂರಿನವನ ಅಳಿಯ. ಮಗ ಸಂಜೆ ಏಳರ ಮೇಲೆ ಗೇಟು ದಾಟಿದ ಸುದ್ದಿ ಏಳೂ ಹತ್ತಕ್ಕೆ ಫಾಲ್ಸಿಗೆ ಮುಟ್ಟುತ್ತದೆ. ಸಿಸಿಟಿವಿ ಹಾಕಿಸಿದ ಕಾಲೇಜಿನವರು ಸುಮ್ಮನೆ ಖರ್ಚು ಮಾಡಿದರು.

ಆಮೇಲೆ ಮೆಸ್ಸಿಗೆ ಹೋಗಿ ಊಟ ಮಾಡುತ್ತಾನೆ. ಮಿಲ್ಲಿನ ಕ್ಯಾಂಟೀನ್ ಕಮಿಟಿಯಲ್ಲಿ ಇದ್ದವನು. ಸಾರಿನಲ್ಲಿ ಸೌಟು ಆಡಿಸಿಯೇ ಬೇಳೆಯ ಪ್ರಮಾಣ ಹೇಳಬಲ್ಲ. ಕಂಪ್ಲೇಂಟ್ ಬುಕ್ಕು ತರಿಸಿ, ‘ಪಲ್ಯದಲ್ಲಿ ಉಪ್ಪು ಕಡಿಮೆ, ಉಳಿದಂತೆ ಉತ್ತಮ’ ಎಂದು ಬರೆದು, ಸಹಿ ಹಾಕಿ, ಅದರ ಕೆಳಗೆ ತನ್ನ ಮಿಲ್ಲಿನ ಟೋಕನ್ ನಂಬರನ್ನೂ ಬರೆಯುತ್ತಾನೆ. ಮಗನ ಹೊಸ ಗೆಳೆಯರು ಅದನ್ನು ಫೋಟೊ ತೆಗೆದು ಗ್ರೂಪಿಗೆ ಹಾಕುತ್ತಾರೆ. ಹಾಗೆ ಮೊದಲ ದಿನವೇ ಮಗನಿಗೆ ಅಡ್ಡಹೆಸರು ಬೀಳುತ್ತದೆ: ಟೋಕನ್.

ರಾತ್ರಿಪಾಳಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ರಾತ್ರಿ ಒಂಬತ್ತಕ್ಕೆ ಫೋನು. ‘ಉಂಡಿ?’ ‘ಉಂಡೆ.’ ‘ಏನು?’ ‘ಅನ್ನ ಸಾರು.’ ‘ರೊಟ್ಟಿ ಮುಗದಾವೇನು?’ ‘ಅದಾವ.’ ‘ಇಡ್ಲಿ?’ ಕೊನೆಯದು ತಿಂಡಿಯಲ್ಲ, ಫೋನ್ ಇಡಲೇ ಎಂಬ ಪ್ರಶ್ನೆ. ಮೈಸೂರು ಕಡೆಯ ರೂಮ್‌ಮೇಟ್ ಇದನ್ನು ಕೇಳಿಸಿಕೊಂಡು, ಉತ್ತರ ಕರ್ನಾಟಕದವರು ರಾತ್ರಿಯೂ ಇಡ್ಲಿಯ ಚಿಂತೆ ಮಾಡುತ್ತಾರೆಂದು ಬಹಳ ದಿನ ತಿಳಿದುಕೊಂಡಿದ್ದ. ರೊಟ್ಟಿ ಇದ್ದಾವೆಂಬುದು ಸುಳ್ಳು. ಅದನ್ನು ರೂಮಿನವರೆಲ್ಲ ಸೇರಿ ಮೊದಲ ಭಾನುವಾರವೇ ಮುಗಿಸಿರುತ್ತಾರೆ.

ಈ ಅಪ್ಪನಲ್ಲಿ ನನಗೆ ಬಗೆಹರಿಯದ ಒಂದು ಸಂಗತಿ ಇದೆ. ಬಾಯಿ ತೆರೆದರೆ ಮಿಲ್ಲು. ಟೈಮು, ಪಾಸು, ಹಾಜರಿ, ಪಾಳಿ, ಮುಕಾದಮನ ಮುಂದೆ ನಿಲ್ಲುವ ರೀತಿ, ಕೆಲಸ ಮುಗಿದ ಮೇಲೆ ಜಾಗ ಗುಡಿಸಿ ಬರುವ ಶಿಸ್ತು. ಅವನ ಬುದ್ಧಿವಾದವನ್ನು ಒಂದೂ ಬಿಡದೆ ಪಾಲಿಸಿದರೆ ಆ ಹುಡುಗ ನಾಲ್ಕು ವರ್ಷದ ಕೊನೆಗೆ ಒಬ್ಬ ಒಳ್ಳೆಯ ನೂಲಿನ ಕಾಮಗಾರನಾಗಿ ಹೊರಬರಬೇಕು. ಆದರೆ ಅದೊಂದನ್ನೇ ಆಗಬೇಡ ಎಂದು ಅವನನ್ನು ಊರು ಬಿಡಿಸಿ ಕಳಿಸುತ್ತಿರುವುದು. ನೆಟ್ ಸೆಂಟರಿನ ಹುಡುಗ ಅಂದು ಬೆಂಗಳೂರಿನ ಎಸ್‌ಕೆಎಸ್‌ಜೆಟಿಐ ಕಾಲೇಜು ತೋರಿಸಿ, ‘ಕಾಕಾ, ಟೆಕ್ಸ್‌ಟೈಲ್ ಹಾಕೂಣೇನು? ನಿಮ್ಮದs ಲೈನು’ ಎಂದಾಗ ಇವನ ಬಾಯಿಂದ ಒಮ್ಮೆ ಮಾತ್ರ ಮೆಲ್ಲಗಿನ ಮಾತು ಬಂದಿತ್ತು: ‘ಬ್ಯಾಡೋ ತಮ್ಮಾ. ನೂಲು ನನ್ನತನಕ ಸಾಕು.’ ಹೇಳಿ, ತಲೆಯ ಮೇಲೆ ಇಲ್ಲದ ಅರಳೆಯನ್ನು ಕೈಯಿಂದ ಕೊಡವಿಕೊಂಡ.

ಮಿಲ್ಲನ್ನು ಅವನು ಬೈಯುವುದಿಲ್ಲ, ಯಾರಾದರೂ ಬೈದರೆ ಸಹಿಸುವುದೂ ಇಲ್ಲ. ಚಾಳಿನ ಮನೆ, ಮಕ್ಕಳ ಸಾಲಿ, ತಂಗಿಯ ಮದುವೆಯ ಸಾಲ, ಈಗ ಈ ಎಐ ಎಂಎಲ್ಲಿನ ಮೊದಲ ಕಂತು ಎಲ್ಲ ಆ ಪಗಾರದ್ದೇ. ತನಗೆ ಅನ್ನ ಕೊಟ್ಟದ್ದು ಮಗನಿಗೆ ಬೇಡ ಎನ್ನುವವನು ಕೃತಘ್ನನೇ ಎಂದರೆ ಅದೂ ಅಲ್ಲ. ಅವನಿಗೆ ಮಗ ಏನಾಗಬೇಕು ಎಂಬುದು ಗೊತ್ತಿಲ್ಲ, ಏನಾಗಬಾರದು ಎಂಬುದು ಗೊತ್ತು. ದಾರಿ ತೋರಿಸಲು ಗೊತ್ತಿರುವುದು ಮಿಲ್ಲಿನ ದಾರಿಯೊಂದೇ. ಹಾಗಾಗಿ ಕಂಡ ಶಿಸ್ತನ್ನೆಲ್ಲ ಕಟ್ಟಿಕೊಟ್ಟು ಕಾಣದ ಕಡೆಗೆ ಕಳಿಸುತ್ತಾನೆ. ಈ ಭಾಗದ ಅಪ್ಪಂದಿರಲ್ಲಿ ಇಷ್ಟು ಗಲಾಟೆ ಮಾಡುವವನೂ ಇವನೇ, ಇಷ್ಟು ಗೊಂದಲದಲ್ಲಿ ಇರುವವನೂ ಇವನೇ ಎಂಬುದು ನನ್ನ ತೀರ್ಮಾನ.

ನೀವು ಈ ಹಂಗಾಮಿನಲ್ಲಿ ಗೋಕಾಕದಿಂದ ಧಾರವಾಡದ ಬಸ್ಸು ಹತ್ತಿ, ಪಕ್ಕದಲ್ಲಿ ಬಕೆಟ್ಟು ತೊಡೆಯ ಮೇಲಿಟ್ಟುಕೊಂಡ ಹುಡುಗ ಕೂತಿದ್ದರೆ, ಹೊರಗಿನಿಂದ ಒಬ್ಬರು ನಿಮ್ಮನ್ನೂ ಕೂಗಿ ಕರೆಯುತ್ತಾರೆ. ‘ಅಣ್ಣಾರ, ನಮ್ಮ ಹುಡುಗ ಅದಾನ್ರಿ, ಸ್ವಲ್ಪ ನೋಡ್ಕೋರಿ.’ ನಿಮಗೆ ಎಲ್ಲಿ ಇಳಿಯುವುದಿದ್ದರೂ ಸರಿ, ಯರಗಟ್ಟಿಗೆ ಇಳಿಯುವವರಾದರೂ ಸರಿ, ‘ಹೂಂರಿ, ನೋಡ್ಕೋತೇನಿ’ ಎಂದುಬಿಡಿ. ನೀವು ಹಾಗೆನ್ನುವವರೆಗೆ ಅವರು ಸರಳು ಬಿಡುವುದಿಲ್ಲ, ಕಂಡಕ್ಟರ್ ಸೀಟಿ ಊದುವುದಿಲ್ಲ.